ಫೊರೆನ್ಸಿಕ್ ಕೆಮಿಸ್ಟ್ರಿ, ಟಾಕ್ಸಿಕಾಲಜಿ: ಎಂ.ಎಸ್ಸಿ ಸೇರುವ ಮೊದಲು ಏನು ನೋಡಬೇಕು?

ಪ್ರಶ್ನೆ: ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ ಕೊನೆಯ ವರ್ಷದಲ್ಲಿದ್ದೇನೆ. ಫೊರೆನ್ಸಿಕ್ ಕೆಮಿಸ್ಟ್ರಿ (ಅಪರಾಧ ತನಿಖೆಯ ರಸಾಯನಶಾಸ್ತ್ರ) ಅಥವಾ ಟಾಕ್ಸಿಕಾಲಜಿಯಲ್ಲಿ (ವಿಷಶಾಸ್ತ್ರ) ಸ್ನಾತಕೋತ್ತರ ಪದವಿ ಮಾಡುವ ಆಸೆ. ಆದರೆ ನಮ್ಮ ಪ್ರಾಧ್ಯಾಪಕರೊಬ್ಬರು, “ಫೊರೆನ್ಸಿಕ್ ಅಂತ ಹೆಸರಿರುವ ಪದವಿ ತಗೊಂಡರೆ ಅದೊಂದೇ ಕೆಲಸಕ್ಕೆ ಅಂಟಿಕೊಂಡುಬಿಡುತ್ತೀಯ, ಅನಲಿಟಿಕಲ್ ಕೆಮಿಸ್ಟ್ರಿ ಮಾಡು” ಅನ್ನುತ್ತಾರೆ. ಸೀನಿಯರ್ ಒಬ್ಬರು, “ಆ ಪದವಿ ಇಲ್ಲದಿದ್ದರೆ ಫೊರೆನ್ಸಿಕ್ ಲ್ಯಾಬಿನ ಬಾಗಿಲೇ ತೆರೆಯುವುದಿಲ್ಲ” ಅನ್ನುತ್ತಾರೆ. ನನಗೆ ಸಂಖ್ಯಾಶಾಸ್ತ್ರ ಅಂದರೆ ಭಯ. ಟಾಕ್ಸಿಕಾಲಜಿ ಅಂದರೆ ಶವಾಗಾರದಲ್ಲಿ ಕೆಲಸ ಮಾಡಬೇಕಾ? ಪೂರ್ತಿ ಆನ್‌ಲೈನ್‌ನಲ್ಲೇ ಮುಗಿಯುವ ಎಂ.ಎಸ್ಸಿ ಕೋರ್ಸುಗಳನ್ನು ನಂಬಬಹುದಾ? ಪಿಎಚ್.ಡಿ ತನಕ ಹೋಗಲೇಬೇಕಾ?

ಉತ್ತರ: ನಿಮ್ಮ ಪ್ರಾಧ್ಯಾಪಕರು ಹೇಳಿದ್ದರಲ್ಲೂ ನಿಜವಿದೆ, ಸೀನಿಯರ್ ಹೇಳಿದ್ದರಲ್ಲೂ ಇದೆ. ಆದರೆ ಇಬ್ಬರ ಕಣ್ಣೂ ಪದವಿಯ ಹೆಸರಿನ ಮೇಲಿದೆ. ಲ್ಯಾಬಿಗೆ ಆಯ್ಕೆ ಮಾಡುವವರು ಅಂಕಪಟ್ಟಿಯ ಒಳಗೆ ನೋಡುತ್ತಾರೆ: ಸಾವಯವ ರಸಾಯನಶಾಸ್ತ್ರ ಎಷ್ಟು ಓದಿದ್ದೀರಿ, ಉಪಕರಣ ವಿಶ್ಲೇಷಣೆ ಎಷ್ಟು ಓದಿದ್ದೀರಿ, ಅದರಲ್ಲಿ ಪ್ರಾಯೋಗಿಕ ಎಷ್ಟು, ಪ್ರಬಂಧಕ್ಕೆ ಏನು ಮಾಡಿದ್ದೀರಿ. ಇವು ಗಟ್ಟಿಯಾಗಿದ್ದರೆ ಎರಡೂ ಹೆಸರಿನ ಪದವಿ ನಡೆಯುತ್ತದೆ. ಇವು ಜಳ್ಳಾಗಿದ್ದರೆ ಎರಡೂ ನಡೆಯುವುದಿಲ್ಲ.

ಮೊದಲು ಶವಾಗಾರದ ಮಾತು ಮುಗಿಸೋಣ, ಯಾಕೆಂದರೆ ಈ ಹೆದರಿಕೆಯಿಂದಲೇ ಎಷ್ಟೋ ಮಂದಿ ಒಳ್ಳೆಯ ವಿಷಯವನ್ನು ಕೈಬಿಡುತ್ತಾರೆ. ಮರಣೋತ್ತರ ಪರೀಕ್ಷೆ ಮಾಡುವವರು ವೈದ್ಯರು. ಟಾಕ್ಸಿಕಾಲಜಿ ಲ್ಯಾಬಿಗೆ ಬರುವುದು ಮೊಹರು ಹಾಕಿದ ಟ್ಯೂಬು, ಬಾಟಲಿಗಳು: ತೊಡೆಯ ಅಭಿಧಮನಿಯಿಂದ ತೆಗೆದ ರಕ್ತ, ಮೂತ್ರ, ಕಣ್ಣಿನೊಳಗಿನ ದ್ರವ, ಯಕೃತ್ತಿನ ತುಂಡು, ಜಠರದಲ್ಲಿದ್ದದ್ದು. ವಾಸನೆ ಇರುತ್ತದೆ, ಅದನ್ನು ಮುಚ್ಚಿಡಬೇಕಿಲ್ಲ. ಕೊಳೆತ ರಕ್ತವನ್ನು ಪಿಪೆಟ್‌ನಲ್ಲಿ ಎಳೆಯುವುದು ಹಿತವಾದ ಕೆಲಸವಲ್ಲ. ಆದರೆ ಅನೇಕರಿಗೆ ಅದಕ್ಕಿಂತ ಭಾರವಾಗುವುದು ಟ್ಯೂಬಿನ ಜೊತೆ ಬರುವ ಪ್ರಕರಣದ ವಿವರ, ಅದರಲ್ಲೂ ಮಕ್ಕಳ ಸಾವಿನದು. ಸೇರುವ ಮೊದಲು ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಇನ್ನು ಟಾಕ್ಸಿಕಾಲಜಿಯ ಎಲ್ಲ ಕೆಲಸವೂ ಸತ್ತವರದ್ದಲ್ಲ. ಕುಡಿದು ವಾಹನ ಓಡಿಸಿದವರ ರಕ್ತ, ಅಮಲು ಬರಿಸಿ ನಡೆಸಿದ ಲೈಂಗಿಕ ದೌರ್ಜನ್ಯದ ಪ್ರಕರಣಗಳು, ಕ್ರೀಡಾಪಟುಗಳ ಡೋಪಿಂಗ್ ಪರೀಕ್ಷೆ, ಉದ್ಯೋಗಸ್ಥಳದ ಮಾದಕ ವಸ್ತು ತಪಾಸಣೆ ಎಲ್ಲವೂ ಇದರೊಳಗೇ ಬರುತ್ತವೆ.

ಫೊರೆನ್ಸಿಕ್ ಕೆಮಿಸ್ಟ್ರಿಯಲ್ಲಿ ಇದಕ್ಕೆ ಹೊರತಾದದ್ದು ಬರುತ್ತದೆ: ವಶಪಡಿಸಿಕೊಂಡ ಪುಡಿ, ಮಾತ್ರೆ, ಬೆಂಕಿ ಬಿದ್ದ ಜಾಗದ ಬೂದಿ, ಸ್ಫೋಟಕದ ಅವಶೇಷ, ಬಣ್ಣದ ಚೂರು, ನೂಲು, ಗುಂಡು ಹಾರಿಸಿದ ಕೈಮೇಲಿನ ಸೀಸ, ಬೇರಿಯಂ, ಆಂಟಿಮನಿ ಕಣಗಳು. ಎರಡಕ್ಕೂ ಇರುವ ವ್ಯತ್ಯಾಸ ಸಾಂದ್ರತೆಯಲ್ಲಿದೆ. ಪುಡಿಯಲ್ಲಿ ನೀವು ಹುಡುಕುವ ವಸ್ತು ಮಿಲಿಗ್ರಾಂ ಲೆಕ್ಕದಲ್ಲಿ ಸಿಗುತ್ತದೆ, “ಇದು ಏನು?” ಎಂಬುದೇ ಅಲ್ಲಿ ಮುಖ್ಯ ಪ್ರಶ್ನೆ. ರಕ್ತದಲ್ಲಿ ಅದೇ ವಸ್ತು ಮಿಲಿಲೀಟರಿಗೆ ನ್ಯಾನೊಗ್ರಾಂ ಲೆಕ್ಕದಲ್ಲಿ ಇರುತ್ತದೆ, ಪ್ರೋಟೀನು, ಕೊಬ್ಬು, ಲವಣದ ನಡುವೆ. ಅಲ್ಲಿ “ಎಷ್ಟಿದೆ, ಅಷ್ಟಿದ್ದರೆ ಏನರ್ಥ?” ಎಂಬ ಪ್ರಶ್ನೆಗಳೂ ಸೇರಿಕೊಳ್ಳುತ್ತವೆ. ನಿಮಗೆ ಅಣುರಚನೆ ಬಿಡಿಸುವುದರಲ್ಲಿ ಖುಷಿಯಿದ್ದರೆ ಮೊದಲನೆಯದು ಒಗ್ಗುತ್ತದೆ. ದೇಹದೊಳಗೆ ಔಷಧಕ್ಕೆ ಏನಾಗುತ್ತದೆ ಎಂಬ ಕುತೂಹಲವಿದ್ದರೆ ಎರಡನೆಯದು.

ಯಂತ್ರ ಉತ್ತರ ಕೊಡುತ್ತದೆ ಎಂಬ ನಂಬಿಕೆ

ಧಾರಾವಾಹಿಗಳಿಂದ ಬಂದ ಕಲ್ಪನೆಗಳಲ್ಲಿ ಹೆಚ್ಚು ಕೆಡುಕು ಮಾಡುವುದು ಇದು: ಮಾದರಿಯನ್ನು ಯಂತ್ರಕ್ಕೆ ಹಾಕಿದರೆ ಪರದೆಯ ಮೇಲೆ ವಿಷದ ಹೆಸರು ಬರುತ್ತದೆ. ಒಂದು ಉದಾಹರಣೆ ನೋಡಿ. ಮೆಥಾಂಫೆಟಮೈನ್ ಮಾದಕ ವಸ್ತು. ಫೆಂಟರ್ಮೈನ್ ತೂಕ ಇಳಿಸಲು ವೈದ್ಯರು ಬರೆದುಕೊಡುವ ಔಷಧ. ಎರಡರ ಅಣುಸೂತ್ರವೂ ಒಂದೇ, ಅಣುತೂಕ 149. ಸಾಮಾನ್ಯ ಜಿಸಿ-ಎಂಎಸ್‌ನಲ್ಲಿ (ಮಿಶ್ರಣವನ್ನು ಉದ್ದನೆಯ ಕಾಲಂನಲ್ಲಿ ಬೇರ್ಪಡಿಸಿ, ಅಣುಗಳನ್ನು ಒಡೆದು ತುಣುಕುಗಳ ತೂಕ ಅಳೆಯುವ ಯಂತ್ರ) ಎರಡೂ ಸಾರಜನಕದ ಪಕ್ಕದ ಬಂಧದಲ್ಲಿ ಮುರಿಯುತ್ತವೆ, ಎರಡರಲ್ಲೂ 58ರ ತುಣುಕೇ ಎಲ್ಲಕ್ಕಿಂತ ಎತ್ತರದ ಗೆರೆ. ಉಳಿದ ಗೆರೆಗಳು ಗಿಡ್ಡ. ಸಾಫ್ಟ್‌ವೇರಿನ ಲೈಬ್ರರಿ, ಅಂದರೆ ಗೊತ್ತಿರುವ ವಸ್ತುಗಳ ಗೆರೆಗಳ ಸಂಗ್ರಹ, ಒಂದು ಹೆಸರು ಸೂಚಿಸುತ್ತದೆ, ಅದು ತಪ್ಪಾಗಿರಬಹುದು. ಕಾಲಂನಿಂದ ಹೊರಬರುವ ಸಮಯವನ್ನು ಅಸಲಿ ಮಾನಕದ (ಗುರುತು ಖಚಿತವಾಗಿರುವ ಶುದ್ಧ ವಸ್ತು) ಜೊತೆ ಹೋಲಿಸಬೇಕು. ಅಥವಾ ಹೆಪ್ಟಾಫ್ಲೋರೊಬ್ಯುಟೈರಿಕ್ ಅನ್‌ಹೈಡ್ರೈಡ್ ಸೇರಿಸಿ ಅಣುವಿನ ಬದಲಾದ ರೂಪ (ಡೆರಿವೇಟಿವ್) ಮಾಡಿಕೊಳ್ಳಬೇಕು. ಆಗ ಎರಡಕ್ಕೂ 254ರ ಗೆರೆ ಬರುತ್ತದೆ, ಆದರೆ 210ರ ಬಲವಾದ ಗೆರೆ ಮೆಥಾಂಫೆಟಮೈನ್‌ಗೆ ಮಾತ್ರ, ಏಕೆಂದರೆ ಸಾರಜನಕದ ಮೇಲೆ ಮೀಥೈಲ್ ಗುಂಪು ಇರುವುದು ಅದಕ್ಕೇ. ಇದನ್ನು ಹಾಳೆಯ ಮೇಲೆ ಬರೆದು ತೋರಿಸಬಲ್ಲವರು ಫೊರೆನ್ಸಿಕ್ ಕೆಮಿಸ್ಟ್. ಅದಕ್ಕೆ ಬೇಕಾದದ್ದು ಸಾವಯವ ರಸಾಯನಶಾಸ್ತ್ರ, ನೀವು ಈಗಾಗಲೇ ಓದುತ್ತಿರುವುದೇ.

ಹಾಗಾಗಿಯೇ ಮಾದಕ ವಸ್ತು ವಿಶ್ಲೇಷಣೆಯ ಅಂತರರಾಷ್ಟ್ರೀಯ ಶಿಫಾರಸುಗಳು ತಂತ್ರಗಳನ್ನು ಗುರುತು ಹಿಡಿಯುವ ಶಕ್ತಿಯ ಇಳಿಕೆ ಕ್ರಮದಲ್ಲಿ ಎ, ಬಿ, ಸಿ ಎಂದು ವಿಂಗಡಿಸಿವೆ. ಇನ್‌ಫ್ರಾರೆಡ್, ಮಾಸ್ ಸ್ಪೆಕ್ಟ್ರೋಮೆಟ್ರಿ, ಎನ್‌ಎಂಆರ್, ರಾಮನ್ ಎ ವರ್ಗಕ್ಕೆ ಸೇರುತ್ತವೆ. ಬಣ್ಣ ಪರೀಕ್ಷೆಗಳು ಸಿ ವರ್ಗಕ್ಕೆ. ಎ ವರ್ಗದ ತಂತ್ರ ಬಳಸಿದರೂ ಅದರ ಜೊತೆಗೆ ಬೇರೊಂದು ತಂತ್ರ ಇರಲೇಬೇಕು. ಇತ್ತೀಚಿನ ಸಂಶ್ಲೇಷಿತ ವಸ್ತುಗಳಲ್ಲಿ ಈ ಎಚ್ಚರ ಇನ್ನೂ ಮುಖ್ಯ. ಫ್ಲೋರೊಫೆಂಟನಿಲ್‌ನಲ್ಲಿ ಫ್ಲೋರಿನ್ ಉಂಗುರದ ಯಾವ ಸ್ಥಾನದಲ್ಲಿದೆ ಎಂಬುದನ್ನು ಮಾಸ್ ಸ್ಪೆಕ್ಟ್ರಮ್ ಒಂದನ್ನೇ ನೋಡಿ ಹೇಳಲು ಹೋದರೆ ಎಡವುತ್ತೀರಿ.

ನಿಮ್ಮ ಮುಂದಿರುವ ದಾರಿಗಳು

ಅನಲಿಟಿಕಲ್ ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ ಮಾಡಿ, ಪ್ರಬಂಧವನ್ನು ಫೊರೆನ್ಸಿಕ್ ವಿಷಯದಲ್ಲಿ ಬರೆಯುವುದು ಎಲ್ಲಕ್ಕಿಂತ ಸುರಕ್ಷಿತ. ಔಷಧ ತಯಾರಿಕೆ, ಆಹಾರ ಪರೀಕ್ಷೆ, ಪರಿಸರ ಪ್ರಯೋಗಾಲಯ, ಎಲ್ಲ ಕಡೆ ಅವಕಾಶ ತೆರೆದಿರುತ್ತದೆ. ಇದರ ಕೊರತೆ ಎಂದರೆ ಔಷಧಶಾಸ್ತ್ರ, ಸಾಕ್ಷ್ಯದ ಕಾನೂನು, ಮಾದರಿ ಕೈಬದಲಾಗುವ ದಾಖಲೆ ಇವು ಪಠ್ಯದಲ್ಲಿ ಇರುವುದಿಲ್ಲ. ಫೊರೆನ್ಸಿಕ್ ಕೆಮಿಸ್ಟ್ರಿಗೆ ಹೋಗುವವರಿಗೆ ಈ ಕೊರತೆ ಸಣ್ಣದು, ಲ್ಯಾಬ್ ತರಬೇತಿಯಲ್ಲಿ ತುಂಬಿಕೊಳ್ಳುತ್ತದೆ. ಟಾಕ್ಸಿಕಾಲಜಿಗೆ ಹೋಗುವವರಿಗೆ ದೊಡ್ಡದು.

ಫೊರೆನ್ಸಿಕ್ ಕೆಮಿಸ್ಟ್ರಿ ಅಥವಾ ಫೊರೆನ್ಸಿಕ್ ಟಾಕ್ಸಿಕಾಲಜಿ ಎಂದೇ ಹೆಸರಿರುವ ವಿಶೇಷ ಎಂ.ಎಸ್ಸಿ, ಒಳ್ಳೆಯ ವಿಭಾಗದಲ್ಲಾದರೆ, ಲ್ಯಾಬಿನ ಕೆಲಸಕ್ಕೆ ಎಲ್ಲಕ್ಕಿಂತ ಹತ್ತಿರದ ದಾರಿ. ಇಲ್ಲಿನ ಅಪಾಯ ಗುಣಮಟ್ಟದ ಏರುಪೇರು. ಅಮೆರಿಕದಲ್ಲಿ ಫೆಪ್ಯಾಕ್ ಎಂಬ ಆಯೋಗ, ಬ್ರಿಟನ್ನಿನಲ್ಲಿ ಚಾರ್ಟರ್ಡ್ ಸೊಸೈಟಿ ಆಫ್ ಫೊರೆನ್ಸಿಕ್ ಸೈನ್ಸಸ್ ಇಂಥ ಕೋರ್ಸುಗಳಿಗೆ ಮಾನ್ಯತೆ ಕೊಡುತ್ತವೆ. ಅಲ್ಲಿಗೆ ಅರ್ಜಿ ಹಾಕುವುದಾದರೆ ಆ ಪಟ್ಟಿಯಲ್ಲಿ ಹೆಸರಿದೆಯೇ ನೋಡಿಕೊಳ್ಳಿ.

ಬೆರಳಚ್ಚು, ಡಿಎನ್‌ಎ, ದಾಖಲೆ ಪರೀಕ್ಷೆ, ಸೈಬರ್ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಿಸುವ ಸಾಮಾನ್ಯ ಫೊರೆನ್ಸಿಕ್ ಸೈನ್ಸ್ ಎಂ.ಎಸ್ಸಿಯನ್ನು ರಸಾಯನಶಾಸ್ತ್ರದಲ್ಲಿ ಮುಂದುವರಿಯಬೇಕೆನ್ನುವ ನಿಮಗೆ ನಾನು ಸೂಚಿಸುವುದಿಲ್ಲ. ನಿಮ್ಮ ಪ್ರಾಧ್ಯಾಪಕರ ಎಚ್ಚರಿಕೆ ಪೂರ್ತಿಯಾಗಿ ಅನ್ವಯಿಸುವುದು ಇದಕ್ಕೆ. ಎರಡು ವರ್ಷದ ಕೊನೆಗೆ ಎಲ್ಲದರ ಪರಿಚಯ ಇರುತ್ತದೆ, ಯಾವ ಉಪಕರಣದ ಮೇಲೂ ಕೈ ಪಳಗಿರುವುದಿಲ್ಲ.

ಔಷಧಶಾಸ್ತ್ರ ಅಥವಾ ಟಾಕ್ಸಿಕಾಲಜಿಯ ಎಂ.ಎಸ್ಸಿ ನಾಲ್ಕನೆಯದು. ದೇಹದ ಕಡೆಯಿಂದ ಗಟ್ಟಿ. ಆದರೆ ಬಹಳಷ್ಟು ಕೋರ್ಸುಗಳು ಔಷಧ ಸುರಕ್ಷತೆಯ ಪ್ರಾಣಿ ಪರೀಕ್ಷೆ, ಕೋಶ ಪರೀಕ್ಷೆಗಳ ಕಡೆಗೆ ವಾಲಿರುತ್ತವೆ, ಮಾಸ್ ಸ್ಪೆಕ್ಟ್ರೋಮೀಟರ್ ಮುಟ್ಟುವ ಅವಕಾಶವೇ ಸಿಗದಿರಬಹುದು. ಕೇಳಿ ತಿಳಿದುಕೊಳ್ಳಿ.

ಮಾಹಿತಿ ಪುಸ್ತಿಕೆಯಲ್ಲಿ ಇಲ್ಲದ ಪ್ರಶ್ನೆಗಳು

“ಅತ್ಯಾಧುನಿಕ ಪ್ರಯೋಗಾಲಯ” ಎಂಬ ಸಾಲು ಎಲ್ಲ ಪುಸ್ತಿಕೆಗಳಲ್ಲೂ ಇರುತ್ತದೆ. ವಿಭಾಗಕ್ಕೆ ಪತ್ರ ಬರೆದು ಕೇಳಬೇಕಾದದ್ದು ಬೇರೆ. ಜಿಸಿ-ಎಂಎಸ್, ಎಲ್‌ಸಿ-ಎಂಎಸ್/ಎಂಎಸ್ (ದ್ರವದಲ್ಲಿ ಬೇರ್ಪಡಿಸಿ ಅಳೆಯುವ ಅಂಥದೇ ಯಂತ್ರ) ವಿಭಾಗದ್ದೇ ಅಥವಾ ಬೇರೆಯವರ ಹತ್ತಿರ ಕಾದು ಬಳಸುವುದೇ? ಒಂದು ಯಂತ್ರಕ್ಕೆ ಒಂದು ತಂಡದಲ್ಲಿ ಎಷ್ಟು ವಿದ್ಯಾರ್ಥಿಗಳು? ಸೆಪ್ಟಂ, ಲೈನರ್‌ನಂಥ ಸವೆಯುವ ಭಾಗಗಳನ್ನು ಬದಲಿಸುವುದು, ಕಾಲಂ ತುದಿ ಕತ್ತರಿಸುವುದು, ಟ್ಯೂನ್ ವರದಿ ಓದುವುದು ವಿದ್ಯಾರ್ಥಿಗಳ ಕೆಲಸವೇ, ತಂತ್ರಜ್ಞರದ್ದೇ? ಕಳೆದ ಎರಡು ತಂಡಗಳ ಪ್ರಬಂಧಗಳ ಶೀರ್ಷಿಕೆ ಕಳಿಸಬಹುದೇ? ಪ್ರಕರಣದ ಮಾದರಿ ನೋಡುವ ಲ್ಯಾಬಿನ ಜೊತೆ ಲಿಖಿತ ಒಪ್ಪಂದ ಇದೆಯೇ?

ಕೊನೆಯ ಎರಡು ಪ್ರಶ್ನೆಗಳಿಗೆ ನೇರ ಉತ್ತರ ಬಾರದಿದ್ದರೆ ಅದನ್ನೇ ಉತ್ತರವೆಂದು ತಿಳಿಯಿರಿ. ಪ್ರಬಂಧಗಳ ಪಟ್ಟಿಯಲ್ಲಿ ಬರೀ “ಒಂದು ಅವಲೋಕನ” ಎಂಬ ಶೀರ್ಷಿಕೆಗಳೇ ತುಂಬಿದ್ದರೆ ಅಲ್ಲಿನ ವಿದ್ಯಾರ್ಥಿಗಳಿಗೆ ಯಂತ್ರ ಸಿಕ್ಕಿಲ್ಲ ಎಂದರ್ಥ.

ಸಂಖ್ಯಾಶಾಸ್ತ್ರದ ಭಯ

ಇದನ್ನು ಬದಿಗೆ ಸರಿಸಿ ಮುಂದೆ ಹೋಗಲು ಆಗುವುದಿಲ್ಲ. ಆದರೆ ಬೇಕಾಗುವ ಸಂಖ್ಯಾಶಾಸ್ತ್ರ ನೀವು ಊಹಿಸಿದಷ್ಟು ದೊಡ್ಡದಲ್ಲ: ರೇಖೀಯ ರಿಗ್ರೆಷನ್ (ಬಿಂದುಗಳಿಗೆ ಹೊಂದುವ ರೇಖೆ ಎಳೆಯುವುದು), ಮಾನಕ ವಿಚಲನೆ, ಅನೋವಾ (ಗುಂಪುಗಳ ನಡುವಿನ ವ್ಯತ್ಯಾಸದ ಪರೀಕ್ಷೆ), ಅಳತೆಯ ಅನಿಶ್ಚಿತತೆ, ಸಾಕ್ಷ್ಯದ ತೂಕ ಹೇಳಲು ಲೈಕ್ಲಿಹುಡ್ ರೇಶಿಯೊ. ಸ್ಪ್ರೆಡ್‌ಶೀಟಿನಲ್ಲಿ ನಿಮ್ಮದೇ ಪ್ರಯೋಗದ ಅಂಕಿಗಳನ್ನಿಟ್ಟು ಮಾಡಿದರೆ ನಾಲ್ಕು ತಿಂಗಳಲ್ಲಿ ಹಿಡಿತಕ್ಕೆ ಬರುತ್ತದೆ.

ಯಾಕೆ ಬೇಕು ಎಂಬುದಕ್ಕೆ ಒಂದೇ ಲೆಕ್ಕ. ಮಿಲಿಲೀಟರಿಗೆ 5ರಿಂದ 500 ನ್ಯಾನೊಗ್ರಾಂ ತನಕ ಕ್ಯಾಲಿಬ್ರೇಷನ್ ರೇಖೆ (ಗೊತ್ತಿರುವ ಸಾಂದ್ರತೆಗೆ ಯಂತ್ರ ಕೊಡುವ ಸಂಕೇತದ ರೇಖೆ) ಎಳೆದಿದ್ದೀರಿ. ಬಿಂದುಗಳು ರೇಖೆಗೆ ಎಷ್ಟು ಹತ್ತಿರ ಎಂದು ಹೇಳುವ ಆರ್-ಸ್ಕ್ವೇರ್ 0.998 ಬಂತು, ಖುಷಿಯಾಯಿತು. ಆದರೆ ಮೇಲಿನ ಬಿಂದುಗಳಲ್ಲಿ ಏರಿಳಿತ ಹೆಚ್ಚು. ಎಲ್ಲ ಬಿಂದುಗಳಿಗೂ ಒಂದೇ ಬೆಲೆ ಕೊಟ್ಟು, ಅಂದರೆ ತೂಕ ಕೊಡದೆ, ರೇಖೆ ಎಳೆದರೆ ಆ ಬಿಂದುಗಳೇ ರೇಖೆಯನ್ನು ತಮ್ಮ ಕಡೆ ಜಗ್ಗುತ್ತವೆ. ಅದರಿಂದ ರೇಖೆ 2 ನ್ಯಾನೊಗ್ರಾಂನಷ್ಟು ಸರಿದರೆ 500ರಲ್ಲಿ ಅದು ಶೇ. 0.4, ಯಾರ ಕಣ್ಣಿಗೂ ಬೀಳುವುದಿಲ್ಲ. 5ರಲ್ಲಿ ಅದೇ 2 ಎಂದರೆ ಶೇ. 40. ಆರ್-ಸ್ಕ್ವೇರ್ ಇದನ್ನು ತೋರಿಸುವುದೇ ಇಲ್ಲ. ಪ್ರತಿ ಬಿಂದುವನ್ನೂ ರೇಖೆಯಿಂದ ಹಿಂದಕ್ಕೆ ಲೆಕ್ಕಹಾಕಿ ನೋಡಿದರೆ ಮಾತ್ರ ಕಾಣುತ್ತದೆ. ಆಗ ಸಾಂದ್ರತೆಯ ವಿಲೋಮವನ್ನೋ ಅದರ ವರ್ಗದ ವಿಲೋಮವನ್ನೋ ತೂಕವಾಗಿ ಕೊಟ್ಟು ರೇಖೆಯನ್ನು ಮತ್ತೆ ಎಳೆಯಬೇಕು. ಇಷ್ಟು ಅರ್ಥವಾದರೆ ನಿಮ್ಮ ಭಯದ ಅರ್ಧ ಭಾಗ ಹೋದ ಹಾಗೆ.

ಟಾಕ್ಸಿಕಾಲಜಿ ಆರಿಸಿದರೆ ಇನ್ನೊಂದು ಲೆಕ್ಕ ಬೆನ್ನು ಹತ್ತುತ್ತದೆ. ಅಪಘಾತವಾಗಿ ಮೂರು ಗಂಟೆ ಕಳೆದ ಮೇಲೆ ತೆಗೆದ ರಕ್ತದಲ್ಲಿ ಲೀಟರಿಗೆ 0.60 ಗ್ರಾಂ ಮದ್ಯಸಾರ ಇದೆ. ಅಪಘಾತದ ಹೊತ್ತಿಗೆ ಎಷ್ಟಿತ್ತು? ದೇಹ ಗಂಟೆಗೆ ಸುಮಾರು 0.10ರಿಂದ 0.25 ಗ್ರಾಂ ಇಳಿಸುತ್ತದೆ. ಹಾಗಾದರೆ ಉತ್ತರ 0.90ರಿಂದ 1.35ರ ನಡುವೆ. ಅದೂ ಕುಡಿದದ್ದೆಲ್ಲ ಅಷ್ಟರೊಳಗೆ ರಕ್ತಕ್ಕೆ ಸೇರಿ ಆಗಿತ್ತು ಎಂದಾದರೆ ಮಾತ್ರ. ವಕೀಲರು ಒಂದೇ ಅಂಕಿ ಹೇಳಿ ಎಂದು ಒತ್ತುತ್ತಾರೆ. ಕೊಡಬಾರದು. ಔಷಧದ ಚಲನೆಯ ಪಾಠವನ್ನು ಬರೀ ಸೂತ್ರವಾಗಿ ಕಲಿಸುವ ಕೋರ್ಸು, ಇಂಥ ವ್ಯಾಪ್ತಿಯಲ್ಲಿ ಯೋಚಿಸಲು ಕಲಿಸುವ ಕೋರ್ಸು, ಇವೆರಡರ ವ್ಯತ್ಯಾಸ ಸಾಕ್ಷಿಕಟ್ಟೆಯಲ್ಲಿ ಗೊತ್ತಾಗುತ್ತದೆ.

ಇದರ ಜೊತೆಗೇ ಬರುವ ಇನ್ನೊಂದು ತಪ್ಪು ತಿಳಿವಳಿಕೆ: ಮಾರಕ ಪ್ರಮಾಣದ ಕೋಷ್ಟಕ ನೋಡಿ ಸಾವಿನ ಕಾರಣ ಹೇಳಬಹುದು ಎಂಬುದು. ಸತ್ತ ಮೇಲೆ ಔಷಧ ಇದ್ದಲ್ಲೇ ಇರುವುದಿಲ್ಲ. ಅಮಿಟ್ರಿಪ್ಟಿಲೈನ್, ಡಿಗಾಕ್ಸಿನ್‌ನಂಥವು ಅಂಗಾಂಶಗಳಿಂದ ರಕ್ತಕ್ಕೆ ಜಿನುಗುತ್ತವೆ, ಹೃದಯದ ರಕ್ತದಲ್ಲಿ ಸುಳ್ಳೇ ಎತ್ತರದ ಅಂಕಿ ತೋರಿಸುತ್ತವೆ. ತೊಡೆಯ ರಕ್ತ ಕೇಳುವುದು ಇದಕ್ಕಾಗಿ. ಮಾರ್ಫಿನ್ ಅಭ್ಯಾಸವಾದವರ ದೇಹ ಬೇರೆಯವರನ್ನು ಕೊಲ್ಲುವ ಪ್ರಮಾಣವನ್ನು ತಾಳಿಕೊಂಡಿರಬಹುದು. ಕೊಕೇನ್ ಟ್ಯೂಬಿನೊಳಗೇ ಒಡೆಯುತ್ತ ಹೋಗುತ್ತದೆ; ಸೋಡಿಯಂ ಫ್ಲೋರೈಡ್ ಹಾಕಿ ತಣ್ಣಗಿಡದಿದ್ದರೆ ನೀವು ಅಳೆಯುವುದು ಉಳಿಕೆಯನ್ನು ಮಾತ್ರ.

ಪ್ರಬಂಧದ ವಿಷಯ

ಇದಕ್ಕೆ ಹೆಚ್ಚು ಯೋಚನೆ ಕೊಡಿ, ಸಂದರ್ಶನದಲ್ಲಿ ಅರ್ಧ ಪ್ರಶ್ನೆಗಳು ಇದರ ಮೇಲೆಯೇ ಬರುತ್ತವೆ. ಬಹಳಷ್ಟು ವಿದ್ಯಾರ್ಥಿಗಳು ಸುದ್ದಿಯಲ್ಲಿರುವ ಹೊಸ ಮಾದಕ ವಸ್ತುವನ್ನು ಮರಣೋತ್ತರ ಮಾದರಿಗಳಲ್ಲಿ ಹುಡುಕುತ್ತೇವೆ ಎಂದು ಹೊರಡುತ್ತಾರೆ. ನೈತಿಕ ಸಮಿತಿಯ ಒಪ್ಪಿಗೆಗೆ ತಿಂಗಳುಗಳು ಹಿಡಿಯುತ್ತವೆ, ನಿಯಂತ್ರಿತ ವಸ್ತುವಿನ ಮಾನಕ ತರಿಸಲು ಪರವಾನಗಿ ಬೇಕಾಗುತ್ತದೆ. ಮಾದರಿ ಕೈಗೆ ಬರುವಷ್ಟರಲ್ಲಿ ಅವಧಿ ಮುಗಿದಿರುತ್ತದೆ.

ನನ್ನ ಸಲಹೆ: ಐದರಿಂದ ಹತ್ತು ಔಷಧಗಳನ್ನು ರಕ್ತದಲ್ಲಿ ಅಳೆಯುವ ಒಂದು ವಿಧಾನ ರೂಪಿಸಿ, ಅದನ್ನು ಪೂರ್ತಿಯಾಗಿ ದೃಢೀಕರಿಸಿ. ವೈದ್ಯರ ಚೀಟಿಯಲ್ಲಿ ಬರುವ ಖಿನ್ನತೆ ನಿವಾರಕಗಳು, ನಿದ್ರೆ ಮಾತ್ರೆಗಳಲ್ಲಿ ಪರವಾನಗಿ ಬೇಡದವನ್ನು ಆರಿಸಿದರೂ ಸಾಕು. ವಿಧಾನ ದೃಢೀಕರಣಕ್ಕೆ ಎಎನ್‌ಎಸ್‌ಐ/ಎಎಸ್‌ಬಿ 036 ಎಂಬ ಮಾನಕವಿದೆ. ಅದು ಕೇಳುವುದು ಏನೆಂದರೆ: ಕ್ಯಾಲಿಬ್ರೇಷನ್ನಿಗೆ ಶೂನ್ಯ ಬಿಟ್ಟು ಕನಿಷ್ಠ ಆರು ಬಿಂದು, ನಿಖರತೆಗೆ ಮೂರು ಸಾಂದ್ರತೆಗಳಲ್ಲಿ ಮೂರು ಮೂರು ಪುನರಾವರ್ತನೆಯಂತೆ ಐದು ಬಾರಿ ಓಡಿಸುವುದು, ಹಿಂದಿನ ಮಾದರಿಯ ಉಳಿಕೆ ಮುಂದಿನದಕ್ಕೆ ಬರುತ್ತದೆಯೇ ನೋಡುವುದು, ಬೇರೆ ಬೇರೆ ಮೂಲದ ರಕ್ತದಲ್ಲಿ ಬೇರೆ ವಸ್ತುಗಳ ಅಡ್ಡಿ ಮತ್ತು ಅಯಾನ್ ಕುಗ್ಗುವಿಕೆ (ರಕ್ತದ ಇತರ ಘಟಕಗಳಿಂದ ಔಷಧದ ಸಂಕೇತ ತಗ್ಗುವುದು) ಪರೀಕ್ಷೆ. ಇಷ್ಟನ್ನು ಒಮ್ಮೆ ಕೈಯಾರೆ ಮಾಡಿದವರಿಗೆ ಐಎಸ್‌ಒ/ಐಇಸಿ 17025 (ಪರೀಕ್ಷಾ ಪ್ರಯೋಗಾಲಯಗಳ ಅಂತರರಾಷ್ಟ್ರೀಯ ಮಾನಕ) ಮಾನ್ಯತೆ ಇರುವ ಲ್ಯಾಬಿನ ಭಾಷೆ ಆಗಲೇ ಗೊತ್ತಿರುತ್ತದೆ.

ಕೈಯಾರೆ ಮಾಡುವಾಗ ಎಲ್ಲಿ ಕೆಡುತ್ತದೆ ಎಂಬುದಕ್ಕೆ ಒಂದು ಚಿತ್ರ. ಆಂಫೆಟಮೈನ್‌ನಂಥ ಪ್ರತ್ಯಾಮ್ಲಗಳನ್ನು ರಕ್ತದಿಂದ ತೆಗೆಯಲು ಕ್ಯಾಟಯಾನ್ ವಿನಿಮಯದ ಕಾರ್ಟ್ರಿಜ್ (ಧನ ಆವೇಶದ ಅಣುಗಳನ್ನು ಹಿಡಿದಿಡುವ ಪುಡಿ ತುಂಬಿದ ಕೊಳವೆ) ಬಳಸುತ್ತಾರೆ. ಮೆಥನಾಲ್, ನೀರು, ಪಿಎಚ್ 6ರ ಫಾಸ್ಫೇಟ್ ಬಫರ್ ಕ್ರಮವಾಗಿ ಹಾಯಿಸಿ ಸಿದ್ಧಮಾಡಬೇಕು, ಮಾದರಿ ಹಾಕುವ ಮೊದಲು ಕಾರ್ಟ್ರಿಜ್ ಒಣಗಬಾರದು. ಮಾದರಿ ನಿಮಿಷಕ್ಕೆ 1ರಿಂದ 2 ಮಿಲಿಲೀಟರ್ ವೇಗದಲ್ಲಿ ಇಳಿಯಬೇಕು. ಅವಸರದಲ್ಲಿ ನಿರ್ವಾತ ಏರಿಸಿದರೆ ಔಷಧ ಹಿಡಿದುಕೊಳ್ಳದೆ ಜಾರಿಹೋಗುತ್ತದೆ. ಆಮ್ಲ ಮತ್ತು ಮೆಥನಾಲ್‌ನಿಂದ ತೊಳೆದು, ಡೈಕ್ಲೋರೊಮೀಥೇನ್, ಐಸೊಪ್ರೊಪನಾಲ್, ಅಮೋನಿಯಂ ಹೈಡ್ರಾಕ್ಸೈಡ್ 78:20:2ರ ಮಿಶ್ರಣದಿಂದ ಹೊರತೆಗೆಯುತ್ತಾರೆ. ಇಲ್ಲಿಯ ತನಕ ಸರಿಯಾಗಿ ಮಾಡಿದವರೂ ಮುಂದಿನ ಹೆಜ್ಜೆಯಲ್ಲಿ ಸೋಲುತ್ತಾರೆ. ಅಮೋನಿಯ ಆಂಫೆಟಮೈನನ್ನು ಮುಕ್ತ ಪ್ರತ್ಯಾಮ್ಲವಾಗಿಸಿದೆ, ಆ ರೂಪದಲ್ಲಿ ಅದು ಆವಿಯಾಗುತ್ತದೆ. 40 ಡಿಗ್ರಿಯಲ್ಲಿ ನೈಟ್ರೋಜನ್ ಊದಿ ಒಣಗಿಸಿದಾಗ ದ್ರಾವಕದ ಜೊತೆ ನಿಮ್ಮ ಔಷಧವೂ ಹಾರಿಹೋಗಿರುತ್ತದೆ. ಒಣಗಿಸುವ ಮೊದಲು ಮೆಥನಾಲ್‌ನಲ್ಲಿ ಕಲಸಿದ ಹೈಡ್ರೋಕ್ಲೋರಿಕ್ ಆಮ್ಲ ಸ್ವಲ್ಪ ಸೇರಿಸಿದರೆ ಅದು ಲವಣವಾಗಿ ಟ್ಯೂಬಿನ ತಳದಲ್ಲೇ ಉಳಿಯುತ್ತದೆ. ಡ್ಯೂಟೀರಿಯಂ ಸೇರಿಸಿದ ಇಂಟರ್ನಲ್ ಸ್ಟ್ಯಾಂಡರ್ಡ್ (ಹೋಲಿಕೆಗಾಗಿ ಮಾದರಿಗೆ ಮೊದಲೇ ಗೊತ್ತಾದ ಪ್ರಮಾಣದಲ್ಲಿ ಸೇರಿಸುವ ವಸ್ತು) ಇದ್ದರೆ ಅದೂ ಅಷ್ಟೇ ಪಾಲು ಹಾರಿಹೋಗುವುದರಿಂದ ಅನುಪಾತ ಸರಿಯಾಗಿಯೇ ಕಾಣುತ್ತದೆ, ಸಂಕೇತ ಮಾತ್ರ ಕುಸಿದಿರುತ್ತದೆ. ಅನುಪಾತವನ್ನಷ್ಟೇ ನೋಡುವವರಿಗೆ ತಪ್ಪು ಎಲ್ಲಾಯಿತೆಂದು ತಿಳಿಯುವುದೇ ಇಲ್ಲ.

ಈ ತಂತ್ರದ ಬೇರು ಹಳೆಯದು. 1850ರಲ್ಲಿ ಬೆಲ್ಜಿಯಂನ ಕೊಲೆ ಪ್ರಕರಣವೊಂದರಲ್ಲಿ ರಸಾಯನಶಾಸ್ತ್ರಜ್ಞ ಜೀನ್ ಸ್ಟಾಸ್ ದೇಹದ ಅಂಗಾಂಶದಿಂದ ನಿಕೋಟಿನ್ ಬೇರ್ಪಡಿಸಿದ್ದು ಇದೇ ಆಮ್ಲ-ಪ್ರತ್ಯಾಮ್ಲದ ತಿಳಿವಿನಿಂದ. ಕಾರ್ಟ್ರಿಜ್ ಹೊಸದು, ರಸಾಯನಶಾಸ್ತ್ರ ಅದೇ.

ಪ್ರಾಮಾಣಿಕತೆಯ ದಾಖಲೆ

ಈ ಕ್ಷೇತ್ರದಲ್ಲಿ ನೇಮಕಕ್ಕೆ ಮುನ್ನ ಹಿನ್ನೆಲೆ ಪರಿಶೀಲನೆ ನಡೆಯುತ್ತದೆ. ಅರ್ಜಿಯಲ್ಲಿ ಬರೆದ ಒಂದೊಂದು ಸಾಲನ್ನೂ ವರ್ಷಗಳ ನಂತರ ಪಾಟೀಸವಾಲಿನಲ್ಲಿ ಎತ್ತಬಹುದು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮಾದಕ ವಸ್ತು ಪ್ರಯೋಗಾಲಯದ ರಸಾಯನಶಾಸ್ತ್ರಜ್ಞೆಯೊಬ್ಬರು ಪರೀಕ್ಷೆ ಮಾಡದೆಯೇ ಫಲಿತಾಂಶ ಬರೆಯುತ್ತಿದ್ದುದು 2012ರಲ್ಲಿ ಬಯಲಾಯಿತು. ಇಲ್ಲದ ಸ್ನಾತಕೋತ್ತರ ಪದವಿಯೊಂದು ತಮಗಿದೆ ಎಂದೂ ಅವರು ಹೇಳಿಕೊಂಡಿದ್ದರು. 2017ರಲ್ಲಿ 21,000ಕ್ಕೂ ಹೆಚ್ಚು ಪ್ರಕರಣಗಳು ವಜಾ ಆದವು. ಅಪರಾಧಿಗಳೂ ನಿರಪರಾಧಿಗಳೂ ಒಂದೇ ರಾಶಿಯಲ್ಲಿ. ಹಾಗಾಗಿ ವಿದ್ಯಾರ್ಥಿಯಾಗಿದ್ದಾಗಲೇ ರೂಢಿಸಿಕೊಳ್ಳಿ: ತಪ್ಪಿದ ಓಟದ (ಯಂತ್ರದಲ್ಲಿ ಒಂದು ಸಲ ನಡೆಸಿದ ಪರೀಕ್ಷೆ) ದಾಖಲೆಯನ್ನು ಅಳಿಸಬೇಡಿ, ಒಂದು ಗೆರೆ ಹೊಡೆದು ದಿನಾಂಕ, ಸಹಿ, ಕಾರಣ ಬರೆಯಿರಿ. ನಿಮ್ಮ ಪ್ರಬಂಧದ ಕಚ್ಚಾ ನೋಟುಪುಸ್ತಕವನ್ನು ಸಂದರ್ಶನಕ್ಕೆ ತೆಗೆದುಕೊಂಡು ಹೋಗುವಷ್ಟು ಚೊಕ್ಕವಾಗಿಟ್ಟುಕೊಳ್ಳಿ.

ಪಿಎಚ್.ಡಿ, ಆನ್‌ಲೈನ್

ಬೆಂಚಿನ ಮೇಲೆ ಕೆಲಸ ಮಾಡಿ, ವರದಿ ಬರೆದು, ನ್ಯಾಯಾಲಯದಲ್ಲಿ ಸಾಕ್ಷ್ಯ ಹೇಳಲು ಪಿಎಚ್.ಡಿ ಬೇಕಿಲ್ಲ. ಲ್ಯಾಬಿನ ಮುಖ್ಯಸ್ಥರಾಗಲು, ಸಂಶೋಧನೆ ಮತ್ತು ಬೋಧನೆಗೆ ಅನೇಕ ಕಡೆ ಬೇಕಾಗುತ್ತದೆ. ಟಾಕ್ಸಿಕಾಲಜಿಯಲ್ಲಿ ಸಾವಿನಲ್ಲಿ ಔಷಧದ ಪಾತ್ರವನ್ನು ವ್ಯಾಖ್ಯಾನಿಸುವ ಹಿರಿಯ ಹೊಣೆಗೂ ಅದು ತೂಕ ಕೊಡುತ್ತದೆ. ಅಮೆರಿಕನ್ ಬೋರ್ಡ್ ಆಫ್ ಫೊರೆನ್ಸಿಕ್ ಟಾಕ್ಸಿಕಾಲಜಿ ತನ್ನ ಫೆಲೋ ದರ್ಜೆಗೆ ಡಾಕ್ಟರೇಟ್ ಕೇಳುತ್ತದೆ. ಎಂ.ಎಸ್ಸಿ ಆದ ಕೂಡಲೇ ಪಿಎಚ್.ಡಿಗೆ ಧುಮುಕುವುದಕ್ಕಿಂತ ಎರಡು ಮೂರು ವರ್ಷ ಪ್ರಕರಣಗಳ ಲ್ಯಾಬಿನಲ್ಲಿ ದುಡಿದು ಹೋಗುವುದು ಮೇಲು ಎಂದು ನನ್ನ ಅಭಿಪ್ರಾಯ. ನಿಜವಾಗಿಯೂ ಉತ್ತರ ಬೇಕಿರುವ ಪ್ರಶ್ನೆ ಯಾವುದೆಂದು ಆಗ ಗೊತ್ತಾಗಿರುತ್ತದೆ.

ಆನ್‌ಲೈನ್ ಎಂ.ಎಸ್ಸಿ ಮೋಸವೇನಲ್ಲ. ಅದು ಹೊಂದುವುದು ಈಗಾಗಲೇ ಲ್ಯಾಬಿನಲ್ಲಿ ಕೆಲಸದಲ್ಲಿರುವವರಿಗೆ: ಹಗಲು ಯಂತ್ರ ನಡೆಸುತ್ತ, ಸಂಜೆ ಔಷಧಶಾಸ್ತ್ರ, ಕಾನೂನು, ಸಂಖ್ಯಾಶಾಸ್ತ್ರ ಓದುವವರಿಗೆ. ನಿಮಗೆ ಇನ್ನೂ ಯಂತ್ರದ ಅನುಭವ ಇಲ್ಲ, ಹಾಗಾಗಿ ನಿಮ್ಮ ಮಟ್ಟಿಗೆ ಈಗ ಅದು ಬೇಡ. ಔಷಧ ಅಥವಾ ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ ಮೊದಲು ಕೆಲಸ ಸಿಕ್ಕರೆ ಮಾತು ಬೇರೆ. ಆಗ ಆನ್‌ಲೈನ್ ದಾರಿಯೂ ಒಳ್ಳೆಯ ಆಯ್ಕೆಯೇ. ಸೇರುವ ಮೊದಲು ನೀವು ಮುಂದೆ ಅರ್ಜಿ ಹಾಕಬೇಕೆಂದಿರುವ ಲ್ಯಾಬಿನ ನೇಮಕಾತಿ ನಿಯಮದಲ್ಲಿ ದೂರಶಿಕ್ಷಣದ ಪದವಿಗೆ ಮನ್ನಣೆ ಇದೆಯೇ ಎಂದು ಬರಹದಲ್ಲೇ ಕೇಳಿ ಪಡೆದುಕೊಳ್ಳಿ.

ಬಿ.ಎಸ್ಸಿ ಮುಗಿಯಲು ಉಳಿದ ತಿಂಗಳುಗಳಲ್ಲಿ ಒಂದು ಕೆಲಸ ಮಾಡಬಹುದು. ನಿಮ್ಮ ವಿಭಾಗದಲ್ಲಿ ಜಿಸಿ ಇದ್ದರೆ, ಪ್ರಾಧ್ಯಾಪಕರ ಅನುಮತಿ ಕೇಳಿ ನೀರಿನಲ್ಲಿ ಎಥನಾಲ್ ಅಳೆಯುವ ಸಣ್ಣ ಪ್ರಯೋಗ ಮಾಡಿ: ಇಂಟರ್ನಲ್ ಸ್ಟ್ಯಾಂಡರ್ಡ್ ಆಗಿ ಎನ್-ಪ್ರೊಪನಾಲ್, ಆರು ಬಿಂದುಗಳ ರೇಖೆ, ಪ್ರತಿ ಮಾದರಿ ಎರಡೆರಡು ಬಾರಿ, ಐದು ದಿನ. ಆ ಅಂಕಿಗಳನ್ನಿಟ್ಟುಕೊಂಡು ಮೇಲೆ ಹೇಳಿದ ಸಂಖ್ಯಾಶಾಸ್ತ್ರ ಕಲಿಯಿರಿ. ಅನಲಿಟಿಕಲ್ ಮಾಡಬೇಕೋ ಟಾಕ್ಸಿಕಾಲಜಿ ಮಾಡಬೇಕೋ ಎಂಬುದಕ್ಕೂ ಆ ಐದು ದಿನಗಳಲ್ಲಿ ಸುಳಿವು ಸಿಗುತ್ತದೆ: ಎರಡು ಓಟಗಳ ಅಂಕಿ ಹೊಂದದಿದ್ದಾಗ ನಿಮಗೆ ಬೇಸರ ಬಂತೋ, ಯಾಕೆಂದು ಹುಡುಕುವ ಮನಸ್ಸು ಬಂತೋ ಗಮನಿಸಿ.